ಬಾಗಿಲ ಹಿಂದಿನ ಸಾಲು

"ಒತ್ತಿಬಿಟ್ರೆ ಮುಗೀತಾ? ವಾಪಸ್ ತಗೊಳಕ್ಕಾಗಲ್ವಾ?"

ಟೈಲರಮ್ಮನ ಬೆರಳು 'ಕಳಿಸು' ಗುಂಡಿಯ ಮೇಲೇ ನಿಂತಿತ್ತು. ರೇಷ್ಮೆಗೆ ಕತ್ತರಿ ಹಾಕುವಾಗಲೂ ಹಿಂಜರಿಯದ ಬೆರಳು.

"ಬಟ್ಟೆ ಕತ್ತರಿಸಿದ ಹಾಗೇ ಅತ್ತಿಗೆ, ಕತ್ತರಿ ಆಡಿದ್ಮೇಲೆ ಆಡಿದ್ದೇ," ನಾದಿನಿ ನಕ್ಕಳು. ದಿನವಿಡೀ ಆಫೀಸಿನಲ್ಲಿ ಇಮೇಲ್ ಬರೆಯುವವಳು, ಇವತ್ತು ರಜೆ ಇದ್ದುದರಿಂದ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೇ ಬಂದಿದ್ದಳು.

ನಾಟಕ ತಂಡವೊಂದಕ್ಕೆ ಹೊಸ ನಾಟಕದ ಉಡುಪು ಹೊಲಿಯುವವರು ಬೇಕಾಗಿದ್ದರು. ಇಮೇಲಿನಲ್ಲೇ ಬರೆಯಿರಿ ಎಂದಿದ್ದರು ವ್ಯವಸ್ಥಾಪಕರು. ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದ ಟೈಲರಮ್ಮನ ಅಕ್ಕ ಕಣ್ಣು ಮಂಜಾಗಿ ಹೊಲಿಗೆ ಬಿಟ್ಟು ಮಗಳ ಮನೆಗೆ ಹೋದಮೇಲೆ ಅಂಗಡಿಗೆ ಬರುತ್ತಿದ್ದುದು ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು ಅಷ್ಟೇ. ಇದೊಂದು ಸಿಕ್ಕರೆ ಮತ್ತೆ ಹೊಲಿಗೆ ಅನ್ನಿಸಿಕೊಳ್ಳುವ ಹೊಲಿಗೆ.

"ಅಕ್ಕನಿಗೂ ಹೋಗ್ಬೇಕು. ತೋರಿಸ್ದಿದ್ರೆ ಮೂತಿ ಉಬ್ಬಿಸ್ಕೋತಾಳೆ. ಆದ್ರೆ ಇವಳು ಅಕ್ಕನ ಸೆರಗು ಹಿಡ್ಕೊಂಡೇ ಓಡಾಡೋಳು ಅಂತ ನಾಟಕದೋರಿಗೆ ಅನ್ನಿಸಬಾರ್ದು."

ನಾದಿನಿ ಪರದೆಯ ಮೇಲಿನ ಸಾಲುಗಳನ್ನು ತೋರಿಸಿದಳು. "ಮೊದಲನೇ ಸಾಲು, ನೀವು ಯಾರ ಹತ್ರ ಮಾತಾಡ್ತೀರೋ ಅವರು. ಎರಡನೇದು ಸಿಸಿ. ಪಕ್ಕದ ಕುರ್ಚೀಲಿ ಕೂತು ಕೇಳಿಸ್ಕೊಳ್ಳೋರು. ಮೂರನೇದು ಬಿಸಿಸಿ, ಬಾಗಿಲ ಹಿಂದೆ ನಿಂತಿರೋರು. ಅವರಿದಾರೆ ಅಂತ ಉಳಿದೋರಿಗೆ ಗೊತ್ತೇ ಆಗಲ್ಲ."

"ಹಾಗಾದ್ರೆ ಅಕ್ಕ ಬಾಗಿಲ ಹಿಂದೆ."

"ಸುಮ್ನೆ ನಿಂತ್ಕೋತಾರಾ ನಿಮ್ಮಕ್ಕ?"

ಟೈಲರಮ್ಮ ಕಣ್ಣು ಮುಚ್ಚಿ ಒತ್ತಿದಳು.

ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಲ್ಯಾಪ್‌ಟಾಪ್ ಟಿಣ್ ಎಂದಿತು. ಅಕ್ಕನ ಉತ್ತರ.

"ಏ ಪೆದ್ದಿ, 'ಬಹುಶಃ ನನ್ನಿಂದ ಆಗಬಹುದು' ಅಂತ ಯಾಕೆ ಬರ್ದೆ? ನನ್ನ ಕಣ್ಣು ಕೈಕೊಟ್ಟಾಗ ನಾನು ಸೊಟ್ಟ ಹೊಲಿದಿದ್ದನ್ನೆಲ್ಲ ಕದ್ದು ಬಿಚ್ಚಿ ಸರಿ ಮಾಡ್ತಿದ್ದೋಳು ನೀನು. ನಂಗೊತ್ತಿರ್ಲಿಲ್ಲ ಅನ್ಕೊಂಡ್ಯಾ? ಇಂಥ ಕೈ ಆ ನಾಟಕದೋರಿಗೆ ದೀಪ ಹಿಡಿದು ಹುಡುಕಿದ್ರೂ ಸಿಗಲ್ಲ."

ಟೈಲರಮ್ಮ ಎಣ್ಣೆಯ ಡಬ್ಬಿ ಹಿಡಿದೇ ನಿಂತಳು. ನಾದಿನಿ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಅತ್ತಿಗೆ, ನಿಮ್ಮಕ್ಕ 'ಎಲ್ಲರಿಗೂ ಉತ್ತರ' ಅನ್ನೋದನ್ನ ಒತ್ತಿದಾರೆ. ನಾಟಕದೋರಿಗೂ ಹೋಗಿದೆ."

"ಬಾಗಿಲ ಹಿಂದೆ ಇದ್ಲಲ್ಲೇ!"

"ಬಾಗಿಲು ಒದ್ಕೊಂಡು ಒಳಗೆ ಬಂದ್ರು."

"ಹೋಯ್ತು ನನ್ನ ಮಾನ! ಪೆದ್ದಿ ಅಂತ ಬೇರೆ ಬರ್ದಿದಾಳೆ!" ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾದಿನಿಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ಬಿಕ್ಕುವುದು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದಳು.

ಮತ್ತೆ ಟಿಣ್. ವ್ಯವಸ್ಥಾಪಕರ ಉತ್ತರ. ಇಬ್ಬರೂ ಮುಖ ಮುಖ ನೋಡಿಕೊಂಡರು. "ನೀನೇ ಓದು," ಎಂದಳು ಟೈಲರಮ್ಮ.

"ನಿಮ್ಮ ಅರ್ಜಿಗಿಂತ ನಿಮ್ಮ ಅಕ್ಕನವರ ಅರ್ಜಿ ಚೆನ್ನಾಗಿದೆ. ಅಳತೆ ತೆಗೆಯಲು ನಾಳೆಯೇ ಬನ್ನಿ. ಬಟ್ಟೆ ಆರಿಸಲು ಅವರೂ ಬಂದರೆ ಸಂತೋಷ. ಮರೆಯಲ್ಲಿ ನಿಂತು ಮಾತು ಹೇಳಿಕೊಡುವವರಿಗೆ ನಮ್ಮ ರಂಗದಲ್ಲಿ ಯಾವಾಗಲೂ ಜಾಗವಿದೆ."

ಟೈಲರಮ್ಮ ಸೆರಗು ಸರಿಸಿದಳು. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು.

"ಬರ್ತೀವಿ ಅಂತ ಬರೆಯೋಣ. ತಾಳು, ನಾನೇ ಬರೀತೀನಿ." ಈ ಸಲ 'ಬಹುಶಃ' ಇರಲಿಲ್ಲ.

"ನಿಮ್ಮಕ್ಕನ್ನ ಎಲ್ಲಿ ಹಾಕ್ತೀರಾ? ಮತ್ತೆ ಬಾಗಿಲ ಹಿಂದೇನಾ?"

ಟೈಲರಮ್ಮ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಅಕ್ಕನ ವಿಳಾಸವನ್ನು ಎರಡನೇ ಸಾಲಿನಲ್ಲಿ ಕೂರಿಸಿದಳು. ಕಣ್ಣು ತೆರೆದುಕೊಂಡೇ ಕಳಿಸಿದಳು.

ಆಮೇಲೆ ಎದ್ದು ಹೋಗಿ, ತನ್ನ ಯಂತ್ರದ ಪಕ್ಕದ ಕುರ್ಚಿಯ ಮೇಲೆ ಪೇರಿಸಿಟ್ಟಿದ್ದ ಹಳೆಯ ಪ್ಯಾಂಟುಗಳನ್ನು ಎತ್ತಿ ಕೆಳಗಿಟ್ಟು, ಕುರ್ಚಿಯ ದೂಳು ಒರೆಸತೊಡಗಿದಳು.