ಕಿಟಕಿ ಮುಚ್ಚುವ ಕಾಳವ್ವ

"ಏ ಹಾದರಗಿತ್ತಿ, ಯಾವಾಕಿ ತಗದಾಕಿ ಆ ಖಿಡಕಿ? ನಿಮ್ಮಪ್ಪನ ಮನಿ ಅಂತ ತಿಳದಿಯೇನ?"

ಲೆಕ್ಕ ಬರೆಯುವ ಅಣ್ಣಾಸಾಬ ದಿವಾಣಜಿ ಹೀಗೆ ಒದರಿದ್ದೇ ತಡ, ತಂಬಾಕಿನ ವಖಾರದೊಳಗಿನ ಜರಡಿಗಳೆಲ್ಲ ಒಮ್ಮೆಲೇ ನಿಂತವು. ಧೋತರದ ಚುಂಗನ್ನು ಮೂಗಿಗೆ ಹಿಡಿದುಕೊಂಡು ಅವನು ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದು ಬೈಯುವ ಛಾತಿ ಆ ಮನುಷ್ಯನಿಗೆ ಎಂದೂ ಇರಲಿಲ್ಲ. ಬೈಗಳನ್ನಷ್ಟೇ ಒಳಗೆ ಕಳಿಸುತ್ತಿದ್ದ.

ಚೀಲಗಳ ಥಪ್ಪಿಯ ಮೇಲೆ ಹತ್ತಿ, ಗೋಡೆಯ ಎತ್ತರದ ಕಿಟಕಿಗೆ ಮುಖ ಒಡ್ಡಿದ್ದ ಸುಂದ್ರವ್ವ ಹೊರಳಿ ನೋಡಿದಳು.

"ನಾನ ತಗದೇನ್ರಿ. ಉಸರ ಕಟ್ಟಿದಂಗಾತು."

"ಕಟ್ಟಿದ್ರ ಸಾಯಿ ಹೋಗ. ಒಂದ ಸುಳಿ ಗಾಳಿ ಬಂದ್ರ ಎಷ್ಟ ಬುಕಣಿ ಹಾರತೈತಿ, ನಿಮ್ಮವ್ವ ತುಂಬಿ ಕೊಡತಾಳೇನ? ಏ ಕಾಳವ್ವ, ಸತ್ತೀಯೇನ? ಮುಚ್ಚ ಅದನ್ನ."

ಕಾಳವ್ವ ಮೂಲೆಯಲ್ಲಿದ್ದ ಕೊಕ್ಕೆಗೋಲು ತೆಗೆದುಕೊಂಡು ಬಂದಳು. ಬಿದಿರಿನ ತುದಿಗೆ ಕಬ್ಬಿಣದ ಕೊಕ್ಕೆ ಕಟ್ಟಿದ್ದ ಆ ಕೋಲನ್ನು ಅವಳೊಬ್ಬಳೇ ಮುಟ್ಟಬೇಕು. ಅವಳು ವಖಾರದ ಮುಕಾದಮ ಬಾಯಿ, ಹೆಂಗಸರ ಮೇಲಿನ ಮೇಸ್ತ್ರಿ. ನಲವತ್ತು ಹೆಂಗಸರು ನೆಲಕ್ಕೆ ಕುಳಿತು ತಂಬಾಕು ಜರಡಿ ಹಿಡಿಯುವಾಗ ಅವಳು ಮಣೆಯ ಮೇಲೆ ಕುಳಿತಿರುತ್ತಾಳೆ. ಆ ಮಣೆಯ ಎತ್ತರ ನಾಲ್ಕು ಬೆರಳು. ಅಷ್ಟಕ್ಕೇ ಅವಳಿಗೆ ನಿಪ್ಪಾಣಿ ಪೇಟೆಯೆಲ್ಲ ಕೆಳಗೆ ಕಾಣುತ್ತಿತ್ತು.

ಕೊಕ್ಕೆ ಸಿಕ್ಕಿಸಿ ಎಳೆದಳು. ಕಿಟಕಿ ಮುಚ್ಚಿತು. ದಿವಾಣಜಿ ಹೋದ.

ಬಾಬಾಸಾಹೇಬ ಸಾವಕಾರರ ಈ ವಖಾರದಿಂದ ತಂಬಾಕಿನ ಎಲೆ ಬೀಡಿಗೆ ಹೋಗುತ್ತಿತ್ತು. ಜರಡಿಯ ಕೆಳಗೆ ಬೀಳುವ ಹಿಟ್ಟಿನಂಥ ಪುಡಿ, ಅದೇ ಬುಕಣಿ, ತಪಕೀರು ಎನ್ನುವ ನಶ್ಯ ಮಾಡುವವರಿಗೆ ಹೋಗುತ್ತಿತ್ತು. ಗಾಳಿಗೆ ಹಾರಿದ ಬುಕಣಿ ಸಾವಕಾರರಿಗೆ ನಷ್ಟ. ಹೆಂಗಸರ ಎದೆಯೊಳಗೆ ಇಳಿದದ್ದೂ ನಷ್ಟವೇ, ಆದರೆ ಅದನ್ನು ಮರಳಿ ತೆಗೆಯುವ ಜರಡಿ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಉದಾರವಾಗಿ ಬಿಟ್ಟುಕೊಟ್ಟಿದ್ದರು. ಸಂಜೆಗೆ ಎಲ್ಲರಿಗೂ ಒಂದೊಂದು ಬೆಲ್ಲದ ಹರಳನ್ನೂ ಕೊಡಿಸುತ್ತಿದ್ದರು. ಬೆಲ್ಲ ತಿಂದರೆ ಗಂಟಲಿನ ಧೂಳು ಹೊಟ್ಟೆಗಿಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಕಾಳವ್ವನಂತೂ ದೇವರನ್ನು ನಂಬಿದಷ್ಟೇ ನಂಬಿದ್ದಳು.

ಸುಂದ್ರವ್ವ ಅವಳ ತಂಗಿ ಮಲಕವ್ವನ ಮಗಳು. ದಿಗ್ಗೇವಾಡಿಯ ಬಯಲಿನಲ್ಲಿ ಕುರಿಗಳ ಹಿಂದೆ ಓಡಾಡಿ ಬೆಳೆದ ಗಟ್ಟಿ ಹುಡುಗಿ. ಈ ಹಂಗಾಮಿಗೆ ಅವಳನ್ನು ಕರೆತಂದವಳು ಕಾಳವ್ವನೇ. "ನನ್ನ ಕಣ್ಣ ಮುಂದ ಇರತಾಳ, ನೀ ಯಾಕ ಚಿಂತಿ ಮಾಡತಿ" ಎಂದು ತಂಗಿಗೆ ಮಾತು ಕೊಟ್ಟು ತಂದಿದ್ದಳು. ಬಂದ ಮೊದಲ ದಿನವೇ ಹುಡುಗಿಗೆ ತಲೆ ತಿರುಗಿ ವಾಂತಿಯಾಯಿತು. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ತಂಬಾಕು ಹೊಸಬರಿಗೆ ಹೀಗೆಯೇ ತಲೆಗೇರುತ್ತದೆ. ಅದಕ್ಕೆ 'ಏರೇತಿ' ಅನ್ನುತ್ತಾರೆ. ಏರಿದವಳ ಬಾಯಿಗೆ ಬೆಲ್ಲ ತುರುಕಿ, ಗೋಡೆಗೆ ಕೂರಿಸಿ, ನಗುವುದು ವಖಾರದ ಪದ್ಧತಿ. ಅಲ್ಲಿದ್ದ ಒಬ್ಬೊಬ್ಬಳೂ ಹಾಗೆ ಬೆಲ್ಲ ತಿಂದು, ನಗಿಸಿಕೊಂಡು, ಪಳಗಿದವಳೇ. ಆದರೆ ಸುಂದ್ರವ್ವ ತಿಂಗಳು ಕಳೆದರೂ ಪಳಗಲಿಲ್ಲ.

ಅವತ್ತು ಕಿಟಕಿ ಮುಚ್ಚಿದ ಮೇಲೆ ಬುಕಣಿಯ ರಾಶಿಗೆ ಕೈಹಾಕಿದರು. ಒಳಗೆ ಎದುರಿದ್ದವರ ಮುಖ ಕಾಣದಷ್ಟು ಧೂಳೆದ್ದಿತು. ಸುಂದ್ರವ್ವ ಜರಡಿ ಕೆಳಗಿಟ್ಟು ಕಾಳವ್ವನ ಹತ್ತಿರ ತೆವಳಿ ಬಂದಳು. ಎದೆಯೊಳಗೆ ಸಿಳ್ಳು ಹಾಕಿದಂತೆ ಸಪ್ಪಳ ಬರುತ್ತಿತ್ತು.

"ದೊಡ್ಡವ್ವ, ಖಿಡಕಿ ಒಂದೀಟ ತಗಿಯ. ಒಂದ ಉಸರ ಸಾಕ."

"ಈಗರ ಬೈದ ಹೋಗ್ಯಾನ, ಕೇಳಿದಿಲ್ಲೋ? ನಿನ್ನ ಸಂಬಂಧ ನಾ ಕುಂಡ್ರೂ ಮಣಿ ಹೋದೀತು."

"ದೊಡ್ಡವ್ವ..."

"ಏನೂ ಆಗೂದಿಲ್ಲಗ. ಏರೇತಿ ಅಷ್ಟ. ಬೆಲ್ಲ ತಿನ್ನ." ಸೆರಗಿನ ಗಂಟು ಬಿಚ್ಚಿ ಬೆಲ್ಲದ ಹರಳು ತೆಗೆದು ಅವಳ ಬಾಯಿಗಿಟ್ಟಳು.

"ಕುರಿ ಕಾಯಾಕಿಗೆ ತಂಬಾಕ ಪಚನ ಆಗವಲ್ತು" ಎಂದು ಲಗಮವ್ವ ನಗೆಯಾಡಿದಳು. ವಖಾರದಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಅವಳು ನಕ್ಕರೆ ಎಲ್ಲರೂ ನಗಬೇಕು. ನಕ್ಕರು. ಕಾಳವ್ವನೂ ನಕ್ಕಳು.

ಸುಂದ್ರವ್ವ ಮೂಲೆಯ ಗೋಡೆಗೆ ಒರಗಿ, ಮುಚ್ಚಿದ ಕಿಟಕಿಯನ್ನೇ ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿಗೆ ಎದೆಯ ಸಿಳ್ಳು ನಿಂತಿತು. ಇಳಿಯಿತಲ್ಲ, ಇನ್ನು ಎದ್ದು ಬರುತ್ತಾಳೆ ಎಂದುಕೊಂಡಳು ಕಾಳವ್ವ. ರಾಶಿ ಮುಗಿದು ಸಂಜೆಯ ಬೆಲ್ಲ ಹಂಚುತ್ತ ಆ ಮೂಲೆಗೆ ಹೋದಾಗ ಹುಡುಗಿಯ ತುಟಿ ನೀಲಿಯಾಗಿತ್ತು. ಮೊದಲು ಕೊಟ್ಟ ಬೆಲ್ಲ ಕರಗದೆ ಹಲ್ಲಿನ ಸಂದಿಯಲ್ಲೇ ಇತ್ತು.

*

ಟೆಂಪೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದು, ದಿಗ್ಗೇವಾಡಿಗೂ ಸುದ್ದಿ ಕಳಿಸಿದರು. ಹೊರಗೆ ಹೋಗಿದ್ದ ಡಾಕ್ಟರು ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಅವರು ಹುಡುಗಿಯ ಕೈ ಹಿಡಿದು ನೋಡಿ ಕೆಳಗಿಟ್ಟು, "ಮೊದಲಿಂದ ದಮ್ಮಿನ ಬ್ಯಾನಿ ಇತ್ತೇನು ಈಕಿಗೆ?" ಎಂದು ಕೇಳಿದರು.

ಕಾಳವ್ವ ಬಾಯಿ ತೆರೆಯುವ ಮೊದಲೇ ದಿವಾಣಜಿ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

"ಇತ್ತು ಅನ್ನ. ಹೋದ ಜೀಂವ ತಿರಗಿ ಬರೂದಿಲ್ಲ. ಇಲ್ಲಂದ್ರ ಪೋಲೀಸ್ರ ಬರತಾರ, ವಖಾರ ಬಂದ ಆಗತೈತಿ, ನಲವತ್ತ ಮಂದಿ ಹೊಟ್ಟಿ ಮ್ಯಾಲ ಕಲ್ಲ ಬೀಳತೈತಿ. ಮತ್ತ ಮೊದಲ ಕೇಳೂದ ನಿನ್ನನ್ನ. ಖಿಡಕಿ ಮುಚ್ಚಿದಾಕಿ ಯಾರ? ನಾನೇನ? ಉಂಡ ಮನಿ ಜಂತಿ ಎಣಸಬ್ಯಾಡ, ಕಾಳವ್ವ."

ಅವಳು ಡಾಕ್ಟರ ಮುಂದೆ ಬಂದು ನಿಂತಳು.

"ಹೌದ್ರಿ. ಸಣ್ಣಾಕಿ ಇದ್ದಾಗಿಂದ ಇತ್ತ್ರಿ."

ಹೇಳಿ ಹಿಂದಿರುಗಿದರೆ ಬಾಗಿಲಲ್ಲಿ ಮಲಕವ್ವ ನಿಂತಿದ್ದಳು. ಸುದ್ದಿ ಮುಟ್ಟಿದ ಕೂಡಲೇ ಸಿಕ್ಕ ಟ್ರಕ್ಕು ಹತ್ತಿ ಬಂದವಳು. ಮಗಳ ಹೆಣವನ್ನು ಅವಳು ಇನ್ನೂ ನೋಡಿರಲಿಲ್ಲ, ಅಕ್ಕನ ಮಾತನ್ನು ಮಾತ್ರ ಕೇಳಿದ್ದಳು.

ಹುಡುಗಿಯನ್ನು ದಿಗ್ಗೇವಾಡಿಯ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಎಲ್ಲರೂ ಮಣ್ಣು ಹಾಕಿದ ಮೇಲೆ ಕಾಳವ್ವ ಒಂದು ಹಿಡಿ ಎತ್ತಿಕೊಂಡಳು. ಮಲಕವ್ವ ಆ ಕೈ ಹಿಡಿದಳು.

"ಹತ್ತೊಂಬತ್ತ ವರ್ಷ ಸಾಕೇನಿ, ಅಕ್ಕಾ. ಮಳಿಯಾಗ ತೊಯ್ದಾಳ, ಬಿಸಲಾಗ ಬೆಂದಾಳ, ಒಂದ ದಿನ ಕೆಮ್ಮಿದಾಕಿ ಅಲ್ಲ. ದಮ್ಮ ಇದ್ದದ್ದ ಹಡದಾಕಿ ನನಗ ಗೊತ್ತಿಲ್ಲ, ನಿನಗ ಗೊತ್ತಿತ್ತೇನ?"

ಬೈದಿದ್ದರೆ, ಹೊಡೆದಿದ್ದರೆ ಕಾಳವ್ವ ಬದುಕಿಕೊಳ್ಳುತ್ತಿದ್ದಳು. ತಂಗಿ ನಿಜವಾಗಿಯೇ ಉತ್ತರ ಬೇಕೆನ್ನುವಂತೆ ಕೇಳಿದ್ದಳು. ಕಾಳವ್ವನ ಹಿಡಿಯ ಮಣ್ಣು ಬೆರಳ ಸಂದಿಯಿಂದ ಅವಳದೇ ಕಾಲ ಮೇಲೆ ಉದುರಿತು. ಮರುದಿನ ಬಸ್ಸು ಹತ್ತಿ ನಿಪ್ಪಾಣಿಗೆ ಬಂದಳು. ಅಂದಿನಿಂದ ಸಂಜೆಯ ತನ್ನ ಪಾಲಿನ ಬೆಲ್ಲವನ್ನು ತಿನ್ನದೆ ಸೆರಗಿನ ಗಂಟಿಗೆ ಕಟ್ಟಿಕೊಳ್ಳುತ್ತಿದ್ದಳು. ತಪ್ಪು ತನ್ನದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಬೆಳಗಾದರೆ ಕೋಲು ಹಿಡಿದು ಕಿಟಕಿ ಮುಚ್ಚುತ್ತಿದ್ದಳು.

*

ಗಲ್ಲಿಗೊಂದು ವಿಮಾನ ಕಂಪನಿ ಹುಟ್ಟುತ್ತಿದ್ದ ಕಾಲ ಅದು. ಬಾಬಾಸಾಹೇಬ ಸಾವಕಾರರು ತಂಬಾಕಿನ ತೆರಿಗೆಯ ಕೆಲಸಕ್ಕೆಂದು ದಿಲ್ಲಿಗೆ ವಿಮಾನದಲ್ಲಿ ಹೋಗಿ, ವಿಮಾನದಲ್ಲೇ ಮುಂಬಯಿಗೆ ಬಂದು, ಮನೆ ಮುಟ್ಟಿ ಹಾಸಿಗೆ ಹಿಡಿದರು. ದೊಡ್ಡವರಿಗೆ ನೆಗಡಿಯಾದರೆ ಊರೇ ಸೀನಬೇಕಲ್ಲ. ಮಾತಾಡಿಸಲು ಮಂದಿ ಸಾಲುಗಟ್ಟಿತು. ದಿವಾಣಜಿ ವಖಾರದ ಹೆಂಗಸರನ್ನೂ ಹೊಡಕೊಂಡು ಹೋಗಿ ವಾಡೆಯ ಅಂಗಳದಲ್ಲಿ ಕೂರಿಸಿದ.

ಸಾವಕಾರರು ಪಡಸಾಲೆಯ ಜೋಕಾಲಿಯಲ್ಲಿದ್ದರು. ಅವರ ಹೆಂಡತಿ ಗೌರಾಬಾಯಿ ಬೀಸಣಿಗೆ ಹಿಡಿದು ಪಕ್ಕಕ್ಕಿದ್ದಳು.

"ಏನ ಹೇಳ್ಲಿ," ಎಂದು ಸಾವಕಾರರು ಬಂದವರಿಗೆಲ್ಲ ಹೇಳಿದ್ದನ್ನೇ ಮತ್ತೆ ಶುರುಮಾಡಿದರು. "ಮ್ಯಾಲ ಹತ್ತಿದ ಕೂಡ್ಲೇ ಸುಟ್ಟ ಎಣ್ಣಿ ವಾಸನಿ. ಇಂಜಿನ್ನಿನ ಎಣ್ಣಿ ಸೋರಿ ಅದರ ಹೊಗಿ ನಾವ ಕುಂತಲ್ಲೇ ಬರತೈತಂತ. ತಲಿ ಗರ್ ಅಂತು. ಕಣ್ಣಾಗ ನೀರ. ಗಂಟಲಾ ಹಿಡಕೊಂತು. ವಿಮಾನದಾಗ ಚಾಕರಿ ಮಾಡೂ ಹುಡಿಗಿನ್ನ ಕರದ ಹೇಳಿದ್ರ ಏನಂದ್ಲು ಗೊತ್ತೈತಿ? ಏನೂ ಆಗೂದಿಲ್ಲ ಸರ್, ಬರೇ ವಾಸನಿ, ಹೊಸಬರಿಗೆ ಹಂಗ ಆಗತೈತಿ ಅಂದ್ಲು. ಅಂದ ಒಂದ ಪೆಪ್ಪರಮೆಂಟ ಕೊಟ್ಲು."

ಕಾಳವ್ವ ತಲೆ ಎತ್ತಿದಳು.

"ಪೆಪ್ಪರಮೆಂಟ," ಎಂದರು ಸಾವಕಾರರು. "ಮನಷ್ಯಾನ ಜೀಂವ ಹೋಗಾಕತ್ತೈತಿ, ಬಾಯಾಗ ಸಿಹಿ ಹಾಕಿ ಸುಮ್ಮನ ಮಾಡತಾರ. ಖಿಡಕಿ ತಗೀರಿ ಅಂದ್ನಿ. ವಿಮಾನದ ಖಿಡಕಿ ತಗ್ಯಾಕ ಬರೂದಿಲ್ಲಂತ. ಅಲ್ಲಾ, ಮಂದಿನ್ನ ಒಳಗ ಕುಂಡ್ರಿಸಿ ಅವರ ಉಸರಿಗೆ ವಿಷ ಬಿಡೂದು ಯಾ ಊರ ನ್ಯಾಯ? ಬರೇ ಎರಡ ತಾಸಿಗೆ ಹಿಂಗಾತು. ಕೇಸ ಹಾಕತೇನಿ, ಬಿಡೂದಿಲ್ಲ."

"ಇನ್ನೂ ತಲಿ ಗುಂ ಅಂತೈತಂತ ಇವರಿಗೆ," ಎಂದಳು ಗೌರಾಬಾಯಿ. ದಿವಾಣಜಿ ಕಣ್ಣೊರೆಸಿಕೊಂಡ.

ಕಾಳವ್ವ ಎದ್ದು ನಿಂತಳು. ಏಕೆ ಎದ್ದೆನೆಂದು ಅವಳಿಗೂ ಗೊತ್ತಿರಲಿಲ್ಲ. "ಯಪ್ಪಾ, ನಮ್ಮ ಸುಂದ್ರವ್ವಗೂ ಹಿಂಗ..."

"ಯಾರಾಕಿ?"

"ಮೊನ್ನಿ ತೀರಕೊಂಡ್ಲಲ್ರಿ," ಎಂದ ದಿವಾಣಜಿ. "ದಮ್ಮಿನಾಕಿ."

"ಹಾಂ, ದಮ್ಮಿನ ಹುಡಿಗಿ. ಅಂಥವರನ್ನ ಕೆಲಸಕ್ಕ ಯಾಕ ತರತೀಯವಾ ಕಾಳವ್ವ? ಹುಷಾರಿಲ್ಲದ ಮಂದಿ ತಂದು ನನ್ನ ವಖಾರಕ್ಕ ಕೆಟ್ಟ ಹೆಸರ ತರಬ್ಯಾಡ. ಕುಂಡ್ರ." ಸಾವಕಾರರು ನಿಂಬೆ ಶರಬತ್ತಿನ ಲೋಟ ಎತ್ತಿಕೊಂಡರು.

ಅವಳು ಕುಳಿತಳು. ವಿಮಾನದ ಕಿಟಕಿ ತೆಗೆಯಲು ಬರುವುದಿಲ್ಲವಂತೆ. ವಖಾರದ್ದು ಬರುತ್ತಿತ್ತು, ಕೋಲೂ ಅವಳ ಕೈಯಲ್ಲೇ ಇತ್ತು. ಆ ಮಾತು ವಾಡೆಯಿಂದ ಮನೆಯವರೆಗೂ ಅವಳ ಬೆನ್ನು ಬಿಡಲಿಲ್ಲ.

*

ಮುಂದಿನ ವಾರ ಸಾವಕಾರರು ಬುಕಣಿ ನೋಡಲು ಬರುತ್ತಾರೆಂದು ದಿವಾಣಜಿ ಹೇಳಿಕಳಿಸಿದ. ಅವರು ಬರುವ ದಿನದ ಪದ್ಧತಿಯೇ ಬೇರೆ. ಮುಂಚೆಯೇ ಜರಡಿ ನಿಲ್ಲಿಸಿ, ರಾಶಿಗೆ ತಾಡಪತ್ರಿ ಹೊದಿಸಿ, ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗಳನ್ನೆಲ್ಲ ತೆರೆಯಬೇಕು. ಇಷ್ಟು ವರ್ಷ ಇದನ್ನೆಲ್ಲ ಮುಂದೆ ನಿಂತು ಮಾಡಿಸಿದವಳು ಕಾಳವ್ವನೇ. ಸಾವಕಾರರು ಬಂದ ದಿನ ವಖಾರದಲ್ಲಿ ಗಾಳಿ ಬರುತ್ತದೆಂದು ಹೆಂಗಸರು ಆ ದಿನವನ್ನು ಹಬ್ಬದಂತೆ ಕಾಯುತ್ತಿದ್ದರು.

ಅವತ್ತು ಅವಳು ಜರಡಿಯನ್ನಷ್ಟೇ ನಿಲ್ಲಿಸಿದಳು. ತಾಡಪತ್ರಿ ಹೊದಿಸಲಿಲ್ಲ, ನೀರು ಹೊಡೆಯಲಿಲ್ಲ.

"ಖಿಡಕಿ ತಗ್ಯಾಂಗಿಲ್ಲೇನ?" ಎಂದು ಲಗಮವ್ವ ಕೇಳಿದಳು.

"ಇಲ್ಲ."

ಮೋಟಾರು ನಿಂತ ಸಪ್ಪಳವಾಯಿತು. ಸಾವಕಾರರು ದಿವಾಣಜಿಯೊಂದಿಗೆ ಒಳಗೆ ಬಂದು, ರಾಶಿಯ ಹತ್ತಿರ ಹೋಗಿ ಬುಕಣಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಹಿಂದಿನಿಂದ ಕಾಳವ್ವ ಬಾಗಿಲು ಎಳೆದಳು. ಕೊಕ್ಕೆಗೋಲನ್ನು ಬಾಗಿಲಿನ ಎರಡೂ ಕಬ್ಬಿಣದ ಬಳೆಗಳೊಳಗೆ ಅಡ್ಡ ತೂರಿಸಿ, ಅದಕ್ಕೆ ಬೆನ್ನು ಕೊಟ್ಟು ಕುಳಿತಳು.

"ಹಾಕ್ರೆವ್ವ ಜರಡಿ," ಎಂದಳು.

ಯಾರೂ ಅಲುಗಲಿಲ್ಲ. ದಿವಾಣಜಿ ಬಾಯಿ ಬಿಟ್ಟುಕೊಂಡು ನೋಡಿದ. "ಏ ಬೋಳಿ, ಹುಚ್ಚ ಹಿಡದೈತೇನ? ತಗಿ ಬಾಗಲಾ."

ಲಗಮವ್ವ ಸೆರಗನ್ನು ಮೂಗಿಗೆ ಕಟ್ಟಿಕೊಂಡಳು. ಅಂದು ಸುಂದ್ರವ್ವನನ್ನು ನೋಡಿ ಮೊದಲು ನಕ್ಕವಳು, ಇಂದು ಮೊದಲು ಜರಡಿ ಎತ್ತಿದಳು. ಅವಳ ಹಿಂದೆ ಒಂದೊಂದಾಗಿ ಎಲ್ಲ ಜರಡಿಗಳೂ ಎದ್ದವು. ಧೂಳು ನೆಲದಿಂದ ಮಂಡಿಗೆ, ಮಂಡಿಯಿಂದ ಮುಖಕ್ಕೆ ಏರಿತು. ದಿವಾಣಜಿ ಬೈಯಲು ಬಾಯಿ ತೆರೆದ, ಬುಕಣಿ ಒಳಗೆ ಹೋಯಿತು. ಕಾಳವ್ವನನ್ನು ಎಳೆಯಲು ಬಂದವನು ಅವಳ ಕಾಲಬುಡದಲ್ಲಿ ಕೆಮ್ಮುತ್ತ ಕುಕ್ಕರಿಸಿದ.

ಸಾವಕಾರರು ಕರವಸ್ತ್ರ ಹುಡುಕುತ್ತಿದ್ದರು. "ಖಿಡಕಿ," ಎಂದರು. "ಕಾಳವ್ವ, ಖಿಡಕಿ ತಗಿ."

"ತಗಿಯೂ ಕೋಲ ಬಾಗಲಿಗೆ ಹಾಕೇನ್ರಿ."

"ನಾ... ನನಗ ಉಸರ..."

"ಆಕಿಗೆ ದಮ್ಮ ಇರಲಿಲ್ಲರಿ, ಯಪ್ಪಾ." ಜರಡಿಗಳ ಸಪ್ಪಳದಲ್ಲೂ ಎಲ್ಲರಿಗೂ ಕೇಳುವಂತೆ ಅವಳು ಕೂಗಿ ಹೇಳಿದಳು. "ನಾ ಸುಳ್ಳ ಹೇಳಿದ್ನಿ. ಒಂದ ಉಸರ ಗಾಳಿ ಕೇಳಿದ್ಲು. ನಾನ ಖಿಡಕಿ ತಗೀಲಿಲ್ಲ. ನಾನ ಕೊಂದ್ನಿ, ನಿಮ್ಮ ಬುಕಣಿ ಸಂಬಂಧ."

ಸಾವಕಾರರು ತಡವರಿಸುತ್ತ ಹೋಗಿ ಮೂಲೆಯ ಗೋಡೆಗೆ ಒರಗಿದರು. ಅದೇ ಮೂಲೆ. ಅವರ ಕಣ್ಣು ಮೇಲಿನ ಕಿಟಕಿಯಲ್ಲಿ ನೆಟ್ಟಿತ್ತು. ಎದೆಯಿಂದ ಸಣ್ಣಗೆ ಸಿಳ್ಳು ಹೊರಟಿತು. ಕಾಳವ್ವನಿಗೆ ಆ ಸಿಳ್ಳಿನ ಗುರುತಿತ್ತು. ಬೆನ್ನ ಹಿಂದೆ ಕೋಲು ಒತ್ತುತ್ತಿತ್ತು. ಆ ಕೋಲೆತ್ತಿ ಕಿಟಕಿ ತೆಗೆಯಬಹುದೆಂದು ಅಂದೂ ಗೊತ್ತಿತ್ತು, ಇಂದೂ ಗೊತ್ತಿತ್ತು.

ಅವಳು ಸೆರಗಿನ ಗಂಟು ಬಿಚ್ಚಿದಳು.

"ಏನೂ ಆಗೂದಿಲ್ಲರಿ. ಏರೇತಿ ಅಷ್ಟ. ಹೊಸಬರಿಗೆ ಹಂಗ ಆಗತೈತಿ," ಎಂದು ಬೆಲ್ಲದ ಹರಳನ್ನು ಅಂಗೈಯಲ್ಲಿಟ್ಟು ಕುಳಿತಲ್ಲಿಂದಲೇ ಅವರ ಕಡೆಗೆ ಚಾಚಿದಳು. ಸಾವಕಾರರು ತೆಗೆದುಕೊಳ್ಳಲಿಲ್ಲ. ಬೆಲ್ಲದ ಮೇಲೆ ಬುಕಣಿ ಕೂರುತ್ತಲೇ ಇತ್ತು.