ಎರಡು ಬೆರಳು ಬಟ್ಟೆ

ಟೈಲರಮ್ಮನ ಅಂಗಡಿ ಬೀದಿಯ ತಿರುವಿನಲ್ಲಿತ್ತು, ಮನೆಗೆ ಅಂಟಿಕೊಂಡೇ. ಒಂದೇ ಕೋಣೆ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೊಂದು ಆಳೆತ್ತರದ ಕನ್ನಡಿ, ಕಿಟಕಿಯಲ್ಲಿ ಗುಂಡಿಗಳ ಡಬ್ಬ. ಬಾಗಿಲಿಗೆ ಬಂದವರನ್ನು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯುವ ಮೊದಲೇ ಅವಳಿಗೆ ಅಳತೆ ತಿಳಿಯುತ್ತಿತ್ತು.

"ಸೊಂಟ ಒಂದಿಂಚು ಇಳಿದಿದೆಯಲ್ಲ, ಊಟ ಸರಿಯಾಗಿ ಮಾಡ್ತಿಲ್ವಾ?" ಎಂದು ಕೇಳುವಳು.

ಬಂದವರು ನಗುವರು. ಟೇಪು ಹಿಡಿದರೆ ಸರಿಯಾಗಿ ಒಂದಿಂಚು ಇಳಿದಿರುತ್ತಿತ್ತು. ಅಂಥ ಕಣ್ಣನ್ನು ದೇವರು ಅವಳಿಗೆ ಕೊಟ್ಟಿದ್ದ. ಆ ಕಣ್ಣು ಕೆಲವು ತಿಂಗಳಿಂದ ಫೋನಿಗೆ ಅಂಟಿಕೊಂಡಿತ್ತು.

ಅದಕ್ಕೊಂದು ಕಾರಣವಿತ್ತು, ಒಳ್ಳೆಯ ಕಾರಣವೇ. ಅವಳ ಅಕ್ಕನಿಗೆ ಅರವತ್ತು ತುಂಬುವುದರಲ್ಲಿತ್ತು. ತಾಯಿ ತೀರಿಕೊಂಡಾಗ ಟೈಲರಮ್ಮನಿಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅಕ್ಕ ಮದುವೆಯಾಗಲಿಲ್ಲ. ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ನಿಂತು ಇಸ್ತ್ರಿ ಮಾಡಿ ತಂಗಿಯನ್ನು ಸಾಕಿದಳು. ಮೊದಲ ಹೊಲಿಗೆ ಕಲಿಸಿದವಳೂ ಅವಳೇ.

"ಅಂಚಿನ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರು, ಮರಿ," ಎನ್ನುತ್ತಿದ್ದಳು ಅಕ್ಕ. "ಇವತ್ತು ಅಳತೆ ಕೊಟ್ಟವರು ನಾಳೆ ಹೀಗೇ ಇರ್ತಾರೆ ಅಂತ ಏನಿದೆ? ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಬಟ್ಟೆಯನ್ನೇ ಕತ್ತರಿಸಿ ಎಸೆದಿದ್ದರೆ ಏನು ಮಾಡ್ತೀಯ?"

ಅಂಥ ಅಕ್ಕನ ಹುಟ್ಟುಹಬ್ಬವನ್ನು ಯಾರೂ ಒಂದು ಸಲವೂ ಮಾಡಿರಲಿಲ್ಲ. ಈ ಸಲ ದೊಡ್ಡದಾಗಿ ಮಾಡಬೇಕು, ಅಕ್ಕನಿಗೆ ಮುಂಚೆ ತಿಳಿಯಲೇಬಾರದು ಎಂದು ಟೈಲರಮ್ಮ ಮನಸ್ಸು ಮಾಡಿದಳು. ಕಾಲೇಜಿಗೆ ಹೋಗುವ ಮಗಳು ಫೋನಿನಲ್ಲಿ ಒಂದು ಗುಂಪು ಮಾಡಿಕೊಟ್ಟಳು. ಹೆಸರು 'ಅಕ್ಕನ ಅರವತ್ತು'. ನೆಂಟರು, ಹಳೆಯ ನೆರೆಯವರು, ಅಕ್ಕನ ಜೊತೆ ಕೆಲಸ ಮಾಡಿದವರು ಸೇರಿ ನಲವತ್ತಮೂರು ಜನ ಕೂಡಿಕೊಂಡರು.

ಮಾತು ಶುರುವಾಯಿತು ನೋಡಿ. ಬಲೂನು ಬಿಳಿಯೋ ನೀಲಿಯೋ ಎಂಬುದಕ್ಕೇ ಹನ್ನೊಂದು ದಿನ ಹಿಡಿಯಿತು. ಟೈಲರಮ್ಮನ ಗಂಡನ ಅಣ್ಣನನ್ನು ಎಲ್ಲರೂ 'ಫೋಟೋ ಭಾವ' ಎಂದೇ ಕರೆಯುತ್ತಿದ್ದರು. ಅವನು ದಿನಕ್ಕೆ ಇಪ್ಪತ್ತು ಹಳೆಯ ಚಿತ್ರ ಹಾಕಿ, "ಇದರಲ್ಲಿ ಹಿಂದೆ ನಿಂತಿರೋದು ಯಾರು, ಹೇಳಿ ನೋಡೋಣ" ಎಂದು ಪರೀಕ್ಷೆ ಇಡುತ್ತಿದ್ದ. ಬೆರಳಿನಲ್ಲಿ ಬರೆಯಲು ಬೇಸರವಾದವರು ಆಡಿದ ಮಾತನ್ನೇ ಫೋನಿನಲ್ಲಿ ತುಂಬಿ ಕಳಿಸುತ್ತಿದ್ದರು. ಒಬ್ಬೊಬ್ಬರದು ಮೂರು ಮೂರು ನಿಮಿಷ.

"ಇದನ್ನೆಲ್ಲ ಕೇಳ್ತಾ ಕೂತರೆ ನಾನು ಹೊಲಿಯೋದು ಯಾವಾಗ?" ಎಂದಳು ಟೈಲರಮ್ಮ.

"ಇಲ್ಲಿ ಒತ್ತಮ್ಮ," ಎಂದಳು ಮಗಳು. "ಎರಡರಷ್ಟು ವೇಗದಲ್ಲಿ ಓಡುತ್ತೆ. ಅರ್ಧ ಹೊತ್ತಿನಲ್ಲಿ ಮುಗಿಯುತ್ತೆ."

"ಅಯ್ಯೋ, ಎಲ್ಲರೂ ಗುಬ್ಬಿಗಳ ಹಾಗೆ ಚಿಲಿಪಿಲಿ ಅಂತಾರಲ್ಲೇ."

"ಎರಡು ದಿನ. ಆಮೇಲೆ ರೂಢಿ ಆಗುತ್ತೆ."

ರೂಢಿಯಾಯಿತು. ಎರಡೂ ಕಿವಿಯಲ್ಲಿ ಫೋನಿನ ತಂತಿ, ಕಾಲಕೆಳಗೆ ಯಂತ್ರದ ಪೆಡಲು. ನಲವತ್ತಮೂರು ಜನರ ಮಾತೂ ಮುಗಿಯುತ್ತಿತ್ತು, ಹೊಲಿಗೆಯೂ ಮುಗಿಯುತ್ತಿತ್ತು. ಅಕ್ಕ ಗುಂಪಿನಲ್ಲಿರಲಿಲ್ಲ. ಆದರೆ ಅವಳೂ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ತಂಗಿಗೆ ನಾಲ್ಕು ಮಾತು ತುಂಬಿ ಕಳಿಸುವಳು. ಅದೂ ಅದೇ ವೇಗದಲ್ಲಿ ಓಡುತ್ತಿತ್ತು. ಟೈಲರಮ್ಮ ಕೇಳಿ, ಒಂದು ಕೆಂಪು ಹೃದಯದ ಗುರುತು ಒತ್ತಿ, ಮುಂದಿನದಕ್ಕೆ ಹೋಗುತ್ತಿದ್ದಳು.

ಮೊದಲೆಲ್ಲ ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುವ ರೂಢಿಯಿತ್ತು. ದೂರವೇನಲ್ಲ, ಬಸ್ಸಿನಲ್ಲಿ ಎರಡು ನಿಲ್ದಾಣ, ಆಮೇಲೆ ಮೂರು ಮಹಡಿ ಹತ್ತಬೇಕು. ಈಗ ಅದು ನಿಂತಿತ್ತು. "ನನ್ನ ಮುಖ ನೋಡಿದರೆ ಸಾಕು, ಅಕ್ಕ ಗುಟ್ಟು ಹೊರಗೆ ತೆಗೆದುಬಿಡ್ತಾಳೆ," ಎಂದು ಟೈಲರಮ್ಮ ಗಂಡನಿಗೆ ಹೇಳಿದಳು. ಅಕ್ಕನಿಗೆ ಮಾತ್ರ, ಹೊಲಿಗೆ ಬಹಳ ಬಂದಿದೆ ಎಂದು ಹೇಳಿ ಕಳಿಸಿದಳು. ಹಾಗೆ ಹತ್ತು ಭಾನುವಾರ ಕಳೆದವು.

ಒಂದು ಮಧ್ಯಾಹ್ನ, ಹತ್ತಿರದ ಕ್ಲಿನಿಕ್ಕಿನ ನರ್ಸಮ್ಮ ತನ್ನ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು.

"ನಿಮ್ಮ ಅಕ್ಕನ್ನ ಬಸ್ ನಿಲ್ದಾಣದಲ್ಲಿ ನೋಡಿದೆ," ಎಂದಳು. "ಇಳಿದು ಹತ್ತು ಹೆಜ್ಜೆ ನಡೆಯೋದರಲ್ಲಿ ಎರಡು ಸಲ ಕೂತರು. ಕಾಲು ಊದಿತ್ತು. ಚಪ್ಪಲಿ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಕ್ಲಿನಿಕ್ಕಿಗೆ ಬನ್ನಿ ಅಂದೆ. 'ದಿನವಿಡೀ ನಿಂತಿರ್ತೀನಲ್ಲಮ್ಮ, ಅದಕ್ಕೆ' ಅಂದುಬಿಟ್ಟರು. ನೀವೇ ಒಂದು ಸಲ ಹೋಗಿ ನೋಡಿ."

ಟೈಲರಮ್ಮ ಕಿವಿಯ ಒಂದು ತಂತಿ ತೆಗೆದಳು, ಇನ್ನೊಂದನ್ನು ಕಿವಿಯಲ್ಲೇ ಬಿಟ್ಟಳು.

"ದಿನಾ ಮಾತಾಡ್ತೀನಲ್ಲ ನರ್ಸಮ್ಮ. ಇವತ್ತು ಬೆಳಿಗ್ಗೆ ಕೂಡ ಕೇಳಿದೆ. ದನಿ ಎಷ್ಟು ಚುರುಕಾಗಿದೆ ಅಂತೀರಿ, ಹದಿನೆಂಟರ ಹುಡುಗಿ ಥರ."

"ದನೀಲಿ ಕಾಲು ಕಾಣಲ್ಲ, ಟೈಲರಮ್ಮ."

"ಇನ್ನು ಹನ್ನೆರಡೇ ದಿನ. ಪಾರ್ಟಿ ಮುಗೀಲಿ, ಮಾರನೇ ದಿನ ನಾನೇ ಕೈಹಿಡಿದು ನಿಮ್ಮ ಮುಂದೆ ತಂದು ಕೂರಿಸ್ತೀನಿ. ಈಗ ಹೋದರೆ ಗುಟ್ಟು ರಟ್ಟಾಗುತ್ತೆ."

"ಗುಟ್ಟು ರಟ್ಟಾದರೆ ಆಗಲಿ. ಹನ್ನೆರಡು ದಿನ ಕಾಯೋ ವಿಷಯ ಅಲ್ಲ ಇದು," ಎಂದಳು ನರ್ಸಮ್ಮ.

ಟೈಲರಮ್ಮ ನಕ್ಕಳು. ಕೋಟಿನ ತೋಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡಳು. ಅಷ್ಟರಲ್ಲಿ ಕಿವಿಯಲ್ಲಿ ಯಾರೋ ಮೇಣದಬತ್ತಿಯ ಬಣ್ಣ ಕೇಳುತ್ತಿದ್ದರು.

ಅಂದು ಸಂಜೆ ಅವಳು ಅಕ್ಕನಿಗೆಂದು ಕೊಂಡಿಟ್ಟಿದ್ದ ಆಕಾಶನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಉದ್ದನೆಯ ಅಂಗಿ, ಮುಂದೆ ಸಾಲಾಗಿ ಮುತ್ತಿನ ಬಣ್ಣದ ಗುಂಡಿ. ಅಳತೆಗೆ ಅಕ್ಕನನ್ನು ಕರೆಯುವಂತಿಲ್ಲ. ಹಳೆಯ ಅಳತೆ ಪುಸ್ತಕ ತೆಗೆದಳು. ಕಳೆದ ವರ್ಷದ ಪುಟದಲ್ಲಿ ಎಲ್ಲವೂ ಇತ್ತು. ಅದನ್ನೇ ನೋಡಿ ಕತ್ತರಿಸಿದಳು. ಕೈ ಮಾತ್ರ ತನ್ನ ರೂಢಿ ಮರೆಯಲಿಲ್ಲ, ಅಂಚಿನ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿತು.

ನರ್ಸಮ್ಮ ಬಂದುಹೋದ ಎಂಟನೆಯ ದಿನ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟವಳು ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕುಸಿದಳು. ಪಕ್ಕದ ಮನೆಯ ಗಡಿಯಾರ ರಿಪೇರಿಯ ಅಜ್ಜ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಟೈಲರಮ್ಮ ಹೋಗಿ ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿತ್ತು.

"ಹೃದಯ ಸೋತಿತ್ತು," ಎಂದರು ವೈದ್ಯರು. "ಕಾಲಲ್ಲಿ, ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದೆ. ಇದು ಒಂದು ದಿನದಲ್ಲಿ ಆಗಿದ್ದಲ್ಲ. ಮನೆಯವರು ಯಾರೂ ಗಮನಿಸಲಿಲ್ಲವಾ?"

ಟೈಲರಮ್ಮ ಹಾಸಿಗೆಯ ಹತ್ತಿರ ಹೋದಳು. ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣು ತಾನಾಗಿಯೇ ಅಳತೆ ತೆಗೆದುಕೊಂಡಿತು. ಸೊಂಟದಲ್ಲಿ ಮೂರಿಂಚು ಹೆಚ್ಚು. ಕಣಕಾಲು ಮೊದಲಿನ ಒಂದೂವರೆ ಪಟ್ಟು. ರಸ್ತೆಯ ಆಚೆ ಬದಿಯಿಂದ ನೋಡಿದ್ದರೂ ಗೊತ್ತಾಗುತ್ತಿತ್ತು.

ಗಂಡ ಮನೆಗೆ ಹೋಗಿ ಹೊಸ ಅಂಗಿ ತಂದ. "ಅವಳಿಗಾಗಿ ಹೊಲಿದದ್ದು. ಅವಳೇ ತೊಟ್ಟು ಹೋಗಲಿ," ಎಂದ. ತೊಡಿಸಿದರೆ ಗುಂಡಿ ಕೂಡಲಿಲ್ಲ. ನಾಲ್ಕು ಬೆರಳಿನಷ್ಟು ಅಂತರ ಉಳಿಯಿತು. ತೊಡಿಸುತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಟೈಲರಮ್ಮ ಅಂಗಿಯನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತಳು. ಎರಡೂ ಪಕ್ಕದ ಹೊಲಿಗೆಯನ್ನು ಬಿಚ್ಚಿದಳು. ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತೆಗೆದು ಸೂಜಿಯಿಂದ ಕೈಹೊಲಿಗೆ ಹಾಕಿದಳು. ಮೊದಲಿನ ಹೊಲಿಗೆ ಇದ್ದ ಕಡೆ ಸಣ್ಣ ಸಣ್ಣ ತೂತುಗಳ ಸಾಲು ಹಾಗೇ ಉಳಿಯಿತು. ಈ ಸಲ ಗುಂಡಿ ಕೂಡಿತು.

ಮೂರನೆಯ ದಿನ ಅವಳು ಮಗಳನ್ನು ಕರೆದಳು. "ನಿನ್ನ ದೊಡ್ಡಮ್ಮನ ಮಾತುಗಳು ಫೋನಿನಲ್ಲಿ ಇವೆಯಲ್ಲ, ಹಾಕು. ಓಡಿಸಬೇಡ. ಅವಳು ಹೇಗೆ ಹೇಳಿದ್ದಳೋ ಹಾಗೇ ಹಾಕು."

ಮಗಳು ಹಾಕಿದಳು.

"ಮರಿ..." ಅಷ್ಟು ಹೇಳಿ ಅಕ್ಕ ನಿಂತಳು. ಉಸಿರು ಎಳೆದುಕೊಳ್ಳುವ ಸದ್ದು ಕೇಳಿತು. "ಕೆಲಸಕ್ಕೆ..." ಮತ್ತೆ ಉಸಿರು. "ಹೊರಟೆ."

ಎರಡರಷ್ಟು ವೇಗದಲ್ಲಿ ಆ ಉಸಿರು ಕಿರಿದಾಗಿತ್ತು. ಉಳಿದಷ್ಟನ್ನು ಯಂತ್ರದ ಸದ್ದು ನುಂಗಿತ್ತು. ಸೋತ ದನಿ ಚುರುಕಾದ ದನಿಯಾಗಿ ಅವಳ ಕಿವಿಗೆ ಬಂದಿತ್ತು. ಮಗಳು ಇನ್ನೊಂದನ್ನು ಹಾಕಿದಳು, ತೀರಿಕೊಳ್ಳುವುದಕ್ಕೆ ಐದು ದಿನ ಮುಂಚಿನದು.

"ಮಲಗಿದರೆ... ಉಸಿರು ಕಟ್ಟುತ್ತೆ ಮರಿ. ಮೂರು ದಿಂಬು... ಇಟ್ಟುಕೊಂಡು ಒರಗಿರ್ತೀನಿ. ಬಿಡುವಾದಾಗ... ಒಂದು ಸಲ ಬಂದು ಹೋಗು. ಕೆಲಸ ಕೆಡಿಸಿಕೊಂಡು... ಬರಬೇಡ."

ಅಂದು ಯಂತ್ರದ ಸದ್ದಿನಲ್ಲಿ ಆ ಮಾತು ಮನಸ್ಸಿಗೆ ಮುಟ್ಟದೆ ಓಡಿಹೋಗಿತ್ತು. ಅದರ ಕೆಳಗೆ ಟೈಲರಮ್ಮ ಒತ್ತಿದ್ದ ಕೆಂಪು ಹೃದಯವಿತ್ತು.

ಮಗಳು ಬಿಕ್ಕಿದಳು. "ನಾನೇ ಅಲ್ವಾ ತೋರಿಸಿಕೊಟ್ಟಿದ್ದು."

"ತೋರಿಸಿದ್ದು ನೀನು. ಒತ್ತಿದ್ದು ನಾನು," ಎಂದಳು ತಾಯಿ. ಬಹಳ ಹೊತ್ತು ದೇವರ ಹೆಸರು ಹೇಳುತ್ತ ಕೂತಳು. ಕ್ಷಮಿಸು ಎಂದು ಕೇಳಬೇಕಾದದ್ದು ಅಕ್ಕನನ್ನೋ ದೇವರನ್ನೋ ಅವಳಿಗೆ ತಿಳಿಯಲಿಲ್ಲ.

ಸಂಜೆ ನರ್ಸಮ್ಮ ಬಂದಳು. ಬಸ್ಸು ಓಡಿಸುವ ಗಂಡ ಆಗತಾನೆ ಕೆಲಸದಿಂದ ಬಂದಿದ್ದ. ಫೋಟೋ ಭಾವನೂ ಇದ್ದ.

"ಹೋಗಿ ನೋಡಿದ್ದರೆ ಉಳೀತಿದ್ದಳು ಅಂತ ಏನು ಗ್ಯಾರಂಟಿ?" ಎಂದ ಗಂಡ. ಹೆಂಡತಿಯ ಎದೆಯ ಭಾರ ಇಳಿಯಲಿ ಎಂದೇ ಅವನು ಕೇಳಿದ್ದು.

"ಗ್ಯಾರಂಟಿ ನಾನು ಕೊಡಲ್ಲ," ಎಂದಳು ನರ್ಸಮ್ಮ. "ಆದರೆ ಕಾಯಿಲೆಗೆ ಔಷಧಿ ಇತ್ತು. ನೀರು ಇಳಿಸೋ ಮಾತ್ರೆ ಇತ್ತು. ಬಂದಿದ್ದರೆ ಒಂದು ದಾರಿ ನೋಡಬಹುದಿತ್ತು. ಮೆಟ್ಟಿಲು ಹತ್ತೋಕೆ ಏದುಸಿರು, ಮಲಗಿದರೆ ಉಸಿರು ಕಟ್ಟೋದು, ಕಣಕಾಲಿನ ಹತ್ತಿರ ಹೆಬ್ಬೆರಳಿಂದ ಒತ್ತಿದರೆ ಗುಳಿ ಹಾಗೇ ಉಳಿಯೋದು, ಕೆಲವೇ ದಿನದಲ್ಲಿ ಮೈ ಭಾರ ಏರೋದು. ಇದೆಲ್ಲ ಹೃದಯದ್ದೇ ಅಂತಲ್ಲ, ಬೇರೆ ಕಾರಣಾನೂ ಇರಬಹುದು. ಅದನ್ನ ಹೇಳಬೇಕಾದೋರು ಡಾಕ್ಟರು. ನಾವು ಮಾಡಬೇಕಾದ್ದು ತಡ ಮಾಡದೆ ತೋರಿಸೋದು. ಮಲಗೋಕೂ ಆಗದಷ್ಟು ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆ."

"ಹಾಗಾದರೆ ಫೋನು ಬಿಸಾಕಿಬಿಡೋದಾ? ಈ ಕಾಲದಲ್ಲಿ ಅದಾಗುತ್ತಾ?" ಎಂದ ಫೋಟೋ ಭಾವ.

"ಯಾಕೆ ಬಿಸಾಕಬೇಕು? ಆ ಅಜ್ಜ ಆಟೋ ಕರೆದಿದ್ದೂ ಫೋನಿನಲ್ಲೇ. ಹೋಗೋಕೆ ಆಗದವರಿಗೆ ಅದೇ ದೊಡ್ಡ ಉಪಕಾರ. ಎರಡು ನಿಲ್ದಾಣ ದೂರ ಇರೋರಿಗೆ ಅದೇ ಸಾಕು ಅಂದುಕೊಂಡಿದ್ದು ತಪ್ಪು."

ಮಾರನೆಯ ದಿನವೇ ಪಾರ್ಟಿಯ ದಿನ. ಗುಂಪು ಇನ್ನೂ ಹಾಗೇ ಇತ್ತು. ನಲವತ್ತಮೂರು ಜನ ಕೈಮುಗಿದ ಗುರುತು, ಅಳುವ ಮುಖ ಹಾಕಿ ಸುಮ್ಮನಾಗಿದ್ದರು. ಟೈಲರಮ್ಮ ಹೇಳಿದಳು, ಮಗಳು ಬರೆದಳು: 'ನಾಳೆ ಅಕ್ಕನ ಹೆಸರಿನಲ್ಲಿ ಯಾರೂ ಎಲ್ಲೂ ಸೇರಬೇಡಿ. ಬಹಳ ದಿನದಿಂದ ಕಣ್ಣಾರೆ ನೋಡದ ಒಬ್ಬರ ಮನೆಗೆ ಹೋಗಿ. ಅವರ ಎದುರು ಕೂತು ಮಾತಾಡಿ. ಫೋಟೋ ಹಾಕಬೇಡಿ.'

"ಫೋಟೋ ಇಲ್ಲದಿದ್ದರೆ ಹೋದದ್ದು ಗೊತ್ತಾಗೋದು ಹೇಗೆ?" ಎಂದ ಭಾವ.

"ಯಾರ ಮನೆಗೆ ಹೋಗ್ತೀರೋ ಅವರಿಗೆ ಗೊತ್ತಾಗುತ್ತೆ ಭಾವ," ಎಂದಳು ಟೈಲರಮ್ಮ.

ಮಾರನೆಯ ದಿನ ಟೈಲರಮ್ಮನೂ ಮಗಳೂ ಅಕ್ಕನ ಮಹಡಿಯ ಮೆಟ್ಟಿಲು ಹತ್ತಿದರು. ಎರಡನೆಯ ಮಹಡಿಯಲ್ಲಿ ಟೈಲರಮ್ಮ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತಳು. ಮತ್ತೆ ಮೇಲೆ ಹೋಗಿ ಗಡಿಯಾರದ ಅಜ್ಜನ ಬಾಗಿಲು ತಟ್ಟಿದಳು. ಅಜ್ಜ ಕೋಟು ತೊಟ್ಟುಕೊಂಡು ಬಾಗಿಲಿಗೆ ಬಂದ. ಅದು ಎರಡು ವರ್ಷದ ಹಿಂದೆ ಅವಳೇ ಹೊಲಿದ ಕೋಟು.

ಅವಳು ಒಮ್ಮೆ ನೋಡಿದಳು. "ಭುಜ ಜೋತಿದೆಯಲ್ಲ ಅಜ್ಜ. ಎದೆ ಸುತ್ತ ಎರಡಿಂಚು ಇಳಿದಿದ್ದೀರಿ. ಯಾವಾಗಿಂದ?"

"ವಯಸ್ಸಾಯ್ತಲ್ಲಮ್ಮ," ಎಂದ ಅಜ್ಜ.

"ಅದನ್ನ ಡಾಕ್ಟರು ಹೇಳಲಿ. ಚಪ್ಪಲಿ ಮೆಟ್ಟಿಕೊಳ್ಳಿ, ಹೋಗೋಣ."

"ಈಗಲೇನಾ? ಇನ್ನೂ ನೀರೂ ಕುಡಿದಿಲ್ಲವಲ್ಲ ನೀವು."

"ಕುಡಿದು ಹೋಗೋಣ. ನಮಗೇನೂ ಅವಸರ ಇಲ್ಲ," ಎಂದು ಟೈಲರಮ್ಮ ಒಳಗೆ ಹೋಗಿ ಕೂತಳು. ಅಜ್ಜ ಅಕ್ಕನ ವಿಷಯ ಹೇಳತೊಡಗಿದ. ನಿಧಾನವಾಗಿ, ತಡೆದು ತಡೆದು ಹೇಳಿದ. ಅವಳು ಒಂದು ಮಾತನ್ನೂ ಬಿಡದೆ ಕೇಳಿದಳು.

ಸಂಜೆ ಭಾವ ಫೋನು ಮಾಡಿದ. "ಚಿಕ್ಕಮ್ಮನ್ನ ನೋಡೋಕೆ ಹೋಗಿದ್ದೆ. ನಾಲ್ಕು ವರ್ಷ ಆಗಿತ್ತು. ಫೋಟೋ ತೆಗೆದೆ, ಸುಳ್ಳು ಹೇಳಲ್ಲ. ಆದರೆ ಹಾಕಲಿಲ್ಲ."

ಈಗ ಆ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಮೂರೂ ಫೋನು ಗುಂಡಿಯ ಡಬ್ಬದ ಪಕ್ಕ ಇರುತ್ತವೆ. ಭಾನುವಾರ ಯಾರಾದರೂ ಒಬ್ಬರನ್ನು ನೋಡಿ ಬರುತ್ತಾರೆ. ಅಕ್ಕನ ಮಾತುಗಳನ್ನು ಮಗಳು ಅಳಿಸಿಲ್ಲ.

ಓದುವ, ಕೇಳುವ ಅಮ್ಮಂದಿರೇ, ಅಣ್ಣಂದಿರೇ, ಮಕ್ಕಳೇ, ನಿಮ್ಮ ಫೋನಿನಲ್ಲೂ ಇಂಥ ಒಂದು ದನಿ ಇರಬಹುದು. ಅದನ್ನು ಓಡಿಸಬೇಡಿ, ಅದು ನಡೆಯುವಷ್ಟೇ ನಿಧಾನವಾಗಿ ಕೇಳಿ. ಕೇಳಿದ ಮೇಲೆ ಎದ್ದು ಹೋಗಿ. ಮುಖ ನೋಡಿ, ಕಾಲು ನೋಡಿ, ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ ಎಂದು ಕೇಳಿ. ಏನಾದರೂ ಬದಲಾಗಿದ್ದರೆ ಅಂದೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹಬ್ಬ, ಪಾರ್ಟಿ ಎಲ್ಲ ಆಮೇಲೆ ಮಾಡಬಹುದು. ನಿಮ್ಮ ದಿನದ ಅಂಚಿನಲ್ಲಿ ನಿಮ್ಮವರಿಗಾಗಿ ಎರಡು ಬೆರಳು ಬಟ್ಟೆ ಬಿಟ್ಟಿರಿ. ಟೈಲರಮ್ಮ ಅದನ್ನು ಬಿಚ್ಚಿದ್ದು ತಡವಾಗಿ. ದೇವರ ದಯೆಯಿಂದ ನಿಮಗೆ ಇನ್ನೂ ಹೊತ್ತಿದೆ, ಇವತ್ತೇ ಹೊರಡಿ.