ಬೋಣಿ ಕೈ

ನನ್ನ ಬಲಗೈಗೆ ಆರು ಬೆರಳು. ಕಲಾಸಿಪಾಳ್ಯದಲ್ಲಿ ಯಾರನ್ನಾದರೂ ಕೇಳಿ, ದ್ರೌಪದಮ್ಮನ ಕೈಯಿಂದ ಬೋಣಿಯಾದರೆ ಸಂಜೆಯೊಳಗೆ ಮಾಲೆಲ್ಲ ಖಾಲಿ ಅಂತಾರೆ. ನನ್ನ ಟೊಮೇಟೊ ಮಂಡಿ ತೆರೆಯುವ ಮೊದಲೇ ಅಕ್ಕಪಕ್ಕದವರು "ದ್ರೌಪದಮ್ಮೋರೇ, ಬೋಣಿ ಮಾಡ್ಬಿಡಿ ಬನ್ನಿ" ಎಂದು ಕೂಗುತ್ತಾರೆ. ಒಂದು ಕಟ್ಟು ಕೊತ್ತಂಬರಿ ಕೊಂಡು ಕಾಸು ಕೊಟ್ಟು ಬರುತ್ತೇನೆ. ಅವರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ.

ಮಗಳು ತೇಜಸ್ವಿನಿಗೂ ಅದೇ ಬೆರಳಿತ್ತು. ಸ್ಕೂಲಲ್ಲಿ ಹುಡುಗಿಯರು ಹಿಡಿದೆಳೆದು ನಗುತ್ತಿದ್ದರಂತೆ. ಕಾಲೇಜಿಗೆ ಬಂದವಳೇ ಹಟ ಮಾಡಿ ತೆಗೆಸಿಕೊಂಡಳು. ಹೋಗಲಿ, ಅವಳ ಕೈ, ಅವಳಿಷ್ಟ ಅಂದುಕೊಂಡೆ.

ಮದುವೆಯಾಗಿ ಎಷ್ಟೋ ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ಕೊನೆಗೆ ಬಸವನಗುಡಿಯ ಒಂದು ಆಸ್ಪತ್ರೆಯಲ್ಲಿ ಐವಿಎಫ್ ಮಾಡಿಸಲು ಹೊರಟರು. ಅಳಿಯ ನಂದಕುಮಾರ ಮಂಡಿಗೇ ಬಂದು, "ಅತ್ತೆ, ನಿಮ್ಮ ರಕ್ತ ಸ್ವಲ್ಪ ಬೇಕಂತೆ, ಏನೋ ಟೆಸ್ಟು" ಎಂದ.

"ಸ್ವಲ್ಪ ಯಾಕಪ್ಪ, ಕೊಡಾನೇ ಹಿಡ್ಕೊಂಡ್ ಬಾ" ಅಂದೆ. ಮಗಳಿಗೆ ಅಂದಮೇಲೆ ಹೆಚ್ಚು ಕೇಳಲಿಲ್ಲ. ಬಲಗೈಯನ್ನೇ ಚಾಚಿದೆ.

ಎರಡು ಭ್ರೂಣ ಸಿಕ್ಕಿವೆ, ಒಂದನ್ನು ಇಡುತ್ತಾರೆ ಅಂದರು. ಇಟ್ಟರು. ನಿಲ್ಲಲಿಲ್ಲ. ತೇಜು ಚಾಮರಾಜಪೇಟೆಯ ನಮ್ಮ ಮನೆಗೆ ಬಂದು ಮಲಗಿಬಿಟ್ಟಳು. ಗಂಜಿ ಕುಡಿಸುತ್ತಾ, "ಇನ್ನೊಂದಿತ್ತಲ್ಲೇ, ಅದನ್ನ ಇಡಿಸ್ಬಾರ್ದಾ?" ಎಂದೆ.

"ಅದು ಇಲ್ಲಮ್ಮ. ಬೇಡ ಅಂದ್ಬಿಟ್ವಿ."

"ಯಾಕೇ? ಕಾಯಿಲೆ ಇತ್ತಾ?"

ಅವಳು ಗೋಡೆಯ ಕಡೆ ತಿರುಗಿದಳು. "ಡಾಕ್ಟ್ರು ಅದೇ ಗಟ್ಟಿ ಇದೆ ಅಂದಿದ್ರು. ಆದ್ರೆ ಅದಕ್ಕೆ ಆ ಬೆರಳು ಬರುತ್ತೆ ಅಂತ ಗೊತ್ತಾಯ್ತು. ನಿನ್ನ ರಕ್ತದ ಜೊತೆ ಇಟ್ಟು ನೋಡಿದ್ರು. ನನ್ನಂಥದ್ದು ಇನ್ನೊಂದು ಬೇಡ ಅನ್ನಿಸ್ತಮ್ಮ."

ಅಯ್ಯೋ ನನ್ನ ಕರ್ಮವೇ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವರಿಗೆ ಒಂದು ಬೆರಳು ಭಾರವಾಯಿತು. ಗಟ್ಟಿಯಿದ್ದುದನ್ನು ಎಸೆದರು, ಯಾವುದನ್ನು ಎಸೆಯಬೇಕೆಂದು ತೋರಿಸಿಕೊಟ್ಟದ್ದು ನನ್ನದೇ ರಕ್ತ. ಡಾಕ್ಟರ ಬಾಯಲ್ಲಿ ಅದು ದೋಷವಂತೆ. ದೋಷ! ಈ ದೋಷದ ಕೈಯೇ ಇವಳಿಗೆ ತುತ್ತು ಕಲಸಿ ಹಾಕಿದ್ದು. ಆದರೂ ಉಳಿದ ಗಂಜಿ ಕುಡಿಸಿಯೇ ಎದ್ದೆ.

ಮೊನ್ನೆ ಮತ್ತೆ ಶುರು ಮಾಡಿದರು. ಈ ಸಲ ನಾನೂ ಬರಲೇಬೇಕೆಂದು ಆಸ್ಪತ್ರೆಗೆ ಎಳೆದುಕೊಂಡು ಹೋದರು. ಕೌಂಟರಿನ ಎದುರು ನಂದಕುಮಾರ ನನ್ನ ಕಡೆ ನೋಟಿನ ಕಟ್ಟು ಚಾಚಿದ.

"ಅತ್ತೆ, ಅಡ್ವಾನ್ಸ್ ನೀವೇ ಕಟ್ಟಿ. ನಿಮ್ಮ ಕೈಗುಣ ಚೆನ್ನಾಗಿದೆ."

"ಹೂಂ ಅಮ್ಮ," ಎಂದಳು ತೇಜು, "ಬೋಣಿ ನಿನ್ನ ಕೈಯಿಂದ್ಲೇ ಆಗ್ಲಿ."

ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ. ಎಡಗೈಯಲ್ಲಿ ದುಡ್ಡು ತೆಗೆದುಕೊಂಡು ಕೌಂಟರಿನ ಮೇಲಿಟ್ಟೆ.

"ಅಮ್ಮ! ಎಡಗೈಲಾ?"

"ಐದೇ ಬೆರಳಿದೆ, ನೋಡ್ಕೋ. ನೀವು ಆರಿಸ್ಕೊಂಡಿದ್ದು ಇಂಥದ್ದನ್ನೇ ಅಲ್ವಾ?"

ತೇಜು ಅಲ್ಲೇ ಕುರ್ಚಿಯಲ್ಲಿ ಕುಸಿದು ಅಳತೊಡಗಿದಳು. ನಾನು ಸೆರಗಿನಿಂದ ಕೈ ತೆಗೆಯಲಿಲ್ಲ.